ಅಂತೆಕಂತೆಯ ಮಂಡಿ

ನಲವತ್ತು ವರ್ಷ ನೆಲಕ್ಕೆ ಕಲ್ಲು ಹಾಸಿದ ಆ ಮೇಸ್ತ್ರಿಗೆ ಜನ ಇಟ್ಟ ಹೆಸರು, ನೆಲದ ಸಮ ನೋಡುವ ಉಪಕರಣದ್ದೇ: ರಸಮಟ್ಟ. ಪರರ ಕಣ್ಣಿಗೆ ಸಮವಾಗಿ ಕಂಡ ನೆಲದಲ್ಲಿ ಎಳ್ಳಷ್ಟು ಏರಿದ್ದರೂ ಅವನಿಗೆ ಅದು ಗುಡ್ಡವಾಗಿ ಕಾಣುತ್ತಿತ್ತು. ನಿಂತು ಮಾಡುವ ಕೆಲಸವಲ್ಲ, ಕುಳಿತು ಮಾಡುವುದೂ ಅಲ್ಲ, ಮಂಡಿಯೂರಿಯೇ ಮಾಡಬೇಕು. ಭಕ್ತನು ದಿನಕ್ಕೊಮ್ಮೆ ಊರುವ ಮಂಡಿಯನ್ನು ಅವನು ಕಲ್ಲಿಗೊಮ್ಮೆ ಊರಿದ್ದ. ಹಾಗೆ ಎರಡೂ ಮಂಡಿ ಸವೆದವು. ಬಲಗಾಲಂತೂ ಬಚ್ಚಲಿಗೆ ಹೋಗಲೂ ಗೋಡೆಯ ಅಪ್ಪಣೆ ಬೇಡುವ ಸ್ಥಿತಿಗೆ ಬಂತು.

ಮಂಡಿ ಬದಲಿಸಬೇಕೆಂದು ತೀರ್ಪಾದ ದಿನ ಆಸ್ಪತ್ರೆಯ ಲಿಫ್ಟ್ ಕೆಟ್ಟಿತ್ತು. ವೈದ್ಯರ ಕೋಣೆ ಮೂರನೆಯ ಮಹಡಿಯಲ್ಲಿ. ಔಷಧದಂಗಡಿಯಲ್ಲಿ ಕೆಲಸ ಮಾಡುವ ಮಗಳನ್ನು ಅವನು ಕೆಳಗಿನ ಬೆಂಚಿನಿಂದಲೇ ಕಳುಹಿಸಿದ.

“ಒಂದೇ ಮಾತು ಕೇಳ್ಕೊಂಡು ಬಾ. ಆಮೇಲೆ ಮಂಡಿಯೂರಿ ಕೆಲಸ ಮಾಡಬಹುದಾ, ಇಲ್ವಾ? ಆಗಲ್ಲ ಅಂದ್ರೆ ನಂಗೆ ಬೇಡ.”

ಅರ್ಧ ಗಂಟೆಯ ಮೇಲೆ ಅವಳು ಇಳಿದು ಬಂದಳು. “ಎಲ್ಲಾ ಆಗುತ್ತಂತೆ, ಅಪ್ಪಾ.”

“ಮಂಡಿಯೂರೋದು?”

“ಎಲ್ಲಾ ಅಂದ್ಮೇಲೆ ಅದೂ ಬಂತಲ್ಲ!”

ಅಡ್ಡಗೋಡೆಯ ಮೇಲಿಟ್ಟ ಆ ದೀಪವನ್ನೇ ಬೆಳಕೆಂದು ನಂಬಿ ಅವನು ರುಜು ಹಾಕಿದ.

ಶಸ್ತ್ರಕ್ರಿಯೆಯ ನಂತರದ ನೋವನ್ನು ಅವನು ಯಾರಿಗೂ ವರ್ಣಿಸಲಿಲ್ಲ. ಹೊಲಿಗೆ ಬಿಚ್ಚುವ ಮೊದಲೇ ವಾಕರ್ ಹಿಡಿದು ಪಡಸಾಲೆ ಅಳೆದ. ವ್ಯಾಯಾಮ ಮಾಡಿಸುವ ಹುಡುಗಿ ಮಂಡಿಯನ್ನು ಹತ್ತು ಸಲ ಮಡಚೆಂದರೆ ಹದಿನೈದು ಸಲ ಮಡಚಿದ. ಕಣ್ಣಲ್ಲಿ ನೀರು ಇಳಿದರೂ ಬಾಯಲ್ಲಿ ಲೆಕ್ಕ ತಪ್ಪಲಿಲ್ಲ. ಅರ್ಧ ಹಾಸಿ ಬಿಟ್ಟುಬಂದ ಗ್ರಂಥಾಲಯದ ನೆಲ ಅವನನ್ನು ಕಾಯುತ್ತಿತ್ತು. ಒಂದೊಂದು ಸಲ ಮಡಚಿದ್ದೂ ಅಲ್ಲಿನ ಒಂದೊಂದು ಕಲ್ಲು.

ಆರನೆಯ ವಾರ ಅವನು ಆ ಹುಡುಗಿಯನ್ನು ಕೇಳಿದ: “ನೆಲಕ್ಕೆ ಊರೋದು ಯಾವತ್ತಿಂದ ಕಲಿಸ್ತೀಯಮ್ಮಾ?”

“ಯಾವಾಗಲಾದ್ರೂ ಒಂದೆರಡು ನಿಮಿಷ, ಮೆತ್ತಗಿನ ದಿಂಬಿನ ಮೇಲೆ ಊರಬಹುದು. ದಿನವಿಡೀ ಕಲ್ಲಿನ ಮೇಲಾ? ಆ ಕೆಲಸ ಇನ್ನಿಲ್ಲ, ಯಜಮಾನ್ರೇ. ಡಾಕ್ಟ್ರು ಮೊದಲೇ ನಿಮ್ಮ ಮಗಳಿಗೆ ಹೇಳಿದ್ರಲ್ಲ? ಎಡಗಾಲಿನ ಆಪರೇಷನ್ನಿಗೂ ನಿಮ್ಮ ಮಗಳೇ ದಿನ ಗೊತ್ತುಮಾಡಿ ಹೋಗಿದಾರೆ.”

ಹಾಸಿದ ನೆಲವೆಲ್ಲ ಒಮ್ಮೆಲೇ ಕಾಲಡಿಯಿಂದ ಸರಿದಂತಾಯಿತು.

ಸಂಜೆ ಮಗಳು ಬಾಗಿಲು ದಾಟುವಷ್ಟರಲ್ಲಿ ಅವನು ಎದ್ದುನಿಂತಿದ್ದ. “ಡಾಕ್ಟ್ರು ಏನಂದ್ರು? ಅಂತೆ ಬೇಡ. ಅವರಾಡಿದ ಮಾತು ಹೇಳು.”

ಅವಳು ಚೀಲ ಕೆಳಗಿಟ್ಟಳು. “ಆಗಲ್ಲ ಅಂದ್ರು.”

“ಎಡಗಾಲಿಗೆ ದಿನ ಇಟ್ಟಿದ್ದು?”

“ನಾನೇ. ಇನ್ನೇನ್ಮಾಡ್ಲಿ? ನೀನು ಗೋಡೆ ತಡಕ್ಕೊಂಡು ಹೋಗೋದನ್ನ ನಾನೇ ನೋಡ್ಬೇಕಿತ್ತಲ್ಲ? ನಿಜ ಹೇಳಿದ್ರೆ ನೀನು ಒಪ್ತಿದ್ಯಾ?”

“ಒಪ್ತಿದ್ದೆನೋ ಬಿಡ್ತಿದ್ದೆನೋ, ಅದು ನನ್ನ ಬಾಯಿಂದ ಬರಬೇಕಾದ ಮಾತು. ಅಂತೆಕಂತೆ ಕಟ್ಟಿ ನನ್ನ ಕಾಲು ಕೊಯ್ಸಿದ್ಯಲ್ಲೇ! ಅಂಗಡಿಗೆ ಬಂದೋರಿಗೂ ಚೀಟೀಲಿ ಒಂದಿದ್ರೆ ಗುಳಿಗೆ ಇನ್ನೊಂದು ಕೊಡ್ತೀಯಾ?”

“ನಿನ್ನ ಒಳ್ಳೇದಕ್ಕೇ ಅಪ್ಪಾ...”

ಹಿತಕ್ಕಾಗಿ ಆಡಿದ ಸುಳ್ಳಿಗೆ ದೋಷವಿಲ್ಲವೆಂದು ವಾದಿಸುವವರು ಎಲ್ಲ ಕಾಲದಲ್ಲೂ ಉಂಟು. ಆ ಹಿತವನ್ನು ಆರಿಸುವ ಅಧಿಕಾರ ಯಾರದೆಂದು ಅವರು ಕೇಳಿಕೊಳ್ಳುವುದಿಲ್ಲ. ಪರಮಾತ್ಮನೇ ಮನುಷ್ಯನಿಗೆ ಒಲ್ಲೆನೆನ್ನುವ ಸ್ವಾತಂತ್ರ್ಯ ಕೊಟ್ಟಿರುವಾಗ, ಅದನ್ನು ಕಿತ್ತುಕೊಳ್ಳಲು ಹೆತ್ತ ಮಗಳಿಗಾದರೂ ಏನು ಹಕ್ಕು?

ಅವನು ವ್ಯಾಯಾಮ ನಿಲ್ಲಿಸಿದ. ನಾಲ್ಕು ದಿನಕ್ಕೆ ಮಂಡಿ ಮರದ ಕೊರಡಾಯಿತು. ಐದನೆಯ ದಿನ ಹೆಂಡತಿ ತಟ್ಟೆಯನ್ನು ಕುಕ್ಕಿ ಇಟ್ಟಳು.

“ಸಿಟ್ಟು ಮಗಳ ಮೇಲೆ, ಶಿಕ್ಷೆ ಮಂಡಿಗಾ? ಅದೇನು ಪಾಪ ಮಾಡಿತ್ರೀ? ನಿನ್ನೆ ಮೊನ್ನೆ ಬಂದ ಹೊಸದು ಅದು!”

ಅವನು ನಗಲಿಲ್ಲ. “ನಾಳೆ ಡಾಕ್ಟ್ರ ಹತ್ರ ಹೋಗ್ತೀನಿ. ನಾನೇ ಕೇಳ್ತೀನಿ.”

ಮರುದಿನ ಮಗಳು ಕೇಳದೆಯೇ ಹಿಂಬಾಲಿಸಿದಳು. ವೈದ್ಯರ ಬಾಗಿಲಲ್ಲಿ ಅವನು, “ನೀನು ಹೊರಗಿರು,” ಎಂದು ಒಳಗೆ ಹೋದ.

“ಎಡಗಾಲು ಹೀಗೇ ಬಿಟ್ರೆ?”

“ನೋವು ಹೆಚ್ಚುತ್ತೆ,” ಎಂದರು ವೈದ್ಯರು.

“ಅದನ್ನ ಊರಿ ಕೆಲಸ ಮಾಡಿದ್ರೆ?”

“ಇನ್ನೂ ಬೇಗ ಹೆಚ್ಚುತ್ತೆ. ವರ್ಷವೋ ಎರಡು ವರ್ಷವೋ. ಆಮೇಲೆ ಇಲ್ಲಿಗೇ ಬರ್ತೀರಿ. ನಾನಾದ್ರೆ ಊರೋದೇ ಬೇಡ ಅಂತೀನಿ.”

“ಬಲಗಾಲು?”

“ಮಡಚದಿದ್ರೆ ಕೆಡುತ್ತೆ. ಇವತ್ತಿಂದಲೇ ಮಡಚಿ.”

ಮೂರು ಮಾತು, ಮೂರೂ ಕಹಿ. ಆದರೆ ಒಂದರ ಬಾಲಕ್ಕೂ ‘ಅಂತೆ’ ಅಂಟಿರಲಿಲ್ಲ. ಮೇಸ್ತ್ರಿ ಎರಡು ಕೈ ಜೋಡಿಸಿ ಹೊರಬಂದ.

“ಎಡಗಾಲು ಈಗ ಕೊಯ್ಸಲ್ಲ,” ಎಂದ ಮಗಳಿಗೆ. “ಒಂದೇ ಮಂಡಿ ಊರಿ ಆ ನೆಲ ಮುಗಿಸ್ತೀನಿ. ಆಮೇಲಿಂದು ಆಮೇಲೆ.”

“ನೋವು, ಅಪ್ಪಾ?”

“ಹೇಳಿ ಬಂದಿರೋ ನೋವು ಕಣೇ. ಅದಕ್ಕೆ ಮರ್ಯಾದೆ ಇದೆ.”

ಅವಳು ಅತ್ತಳು. ಅವನು ಸಮಾಧಾನ ಹೇಳಲಿಲ್ಲ. ಕರವಸ್ತ್ರ ಮಾತ್ರ ಕೊಟ್ಟ.

ದಿನ ಬರೆಯುವ ಮೇಜಿನ ಹೆಂಗಸು ಎಂದಿನಂತೆ ಮಗಳ ಕಡೆಗೇ ತಲೆಯೆತ್ತಿದಳು. “ನಿಮ್ಮ ತಂದೆಗೆ ವ್ಯಾಯಾಮಕ್ಕೆ ಯಾವತ್ತು ಬರೀಲಿ?”

ಮಗಳು ಬಾಯಿ ತೆರೆದಳು, ಮುಚ್ಚಿದಳು, ತಂದೆಯ ಕಡೆಗೆ ತಿರುಗಿದಳು.

“ಈಗಲೇ,” ಎಂದ ಅವನು. “ಆ ಹುಡುಗಿ ಬಿಡುವಾಗಿದ್ರೆ.”