ವಿಜಯಾ ಮೇಡಂ ಕೇಳಿದ ಪ್ರಶ್ನೆ

ಹನ್ನೆರಡನೆಯ ತರಗತಿ ಕಾಮರ್ಸ್‌ನ ಫಲಿತಾಂಶ ಬಂದ ದಿನ ಶೀತಲ್‌ಳ ಅಪ್ಪ ಕೇದಾರನಾಥ ಫೋನ್ ಪರದೆಯನ್ನು ಅಂಗಿಯ ತುದಿಯಿಂದ ಒರೆಸಿ ಮತ್ತೊಮ್ಮೆ ನೋಡಿದ. ವಾಣಿಜ್ಯ ಸಂಘಟನೆ, ಮಕ್ಕಳೆಲ್ಲ ‘ಓಸಿ’ ಅನ್ನುವ ವಿಷಯ, ನೂರಕ್ಕೆ ನೂರು. ಗದಗ ಕಡೆಯಿಂದ ಬಂದು ನಾಗಪುರದ ಆರ್ಡ್ನೆನ್ಸ್ ಫ್ಯಾಕ್ಟರಿ ಸೇರಿದ ಆ ಮನುಷ್ಯನಿಗೆ ಓಸಿ ಎಂದರೇನು ಎಂಬುದು ಸರಿಯಾಗಿ ಗೊತ್ತಿರಲಿಲ್ಲ. ಆದರೂ ಸಂಜೆಯೊಳಗೆ ಕ್ವಾರ್ಟರ್ಸಿನ ಮನೆಮನೆಗೂ ಹೋಗಿ ಹೇಳಿ ಬಂದ.

ಶೀತಲ್‌ಗೆ ಮಾತ್ರ ಆ ನೂರು ಹೇಗೆ ಬಂತೆಂದು ಗೊತ್ತಿತ್ತು. ಹತ್ತನೆಯವರೆಗೆ ಮರಾಠಿ ಮಾಧ್ಯಮದಲ್ಲಿ ಓದಿದವಳು ಅವಳು. ಜೂನಿಯರ್ ಕಾಲೇಜಿನ ಇಂಗ್ಲಿಷ್ ಪಾಠ ಮೊದಲ ವರ್ಷ ತಲೆಯ ಮೇಲೇ ಹಾದುಹೋಗುತ್ತಿತ್ತು. ಓಸಿ ಕಲಿಸುವ ವಿಜಯಾ ಮೇಡಂ ಅದನ್ನು ಗಮನಿಸಿ, ಕಾಲೇಜು ಶುರುವಾಗುವ ಮೊದಲು ಖಾಲಿ ಕೋಣೆಯೊಂದರಲ್ಲಿ ಅವಳಂಥ ಕೆಲವರನ್ನು ಕೂರಿಸಿಕೊಳ್ಳುತ್ತಿದ್ದರು. ಉತ್ತರ ಬರೆಸುವರು, ಹಸಿರು ಪೆನ್ನಿನಲ್ಲಿ ತಿದ್ದುವರು, “ಇದು ಗೈಡಿನ ಮಾತು, ನಿನ್ನ ಮಾತು ಎಲ್ಲಿ?” ಎಂದು ಮತ್ತೆ ಬರೆಸುವರು. ಜ್ವರ ಬಂದ ದಿನವೂ ಕಿವಿಗೆ ಸ್ಕಾರ್ಫ್ ಸುತ್ತಿಕೊಂಡು ಬಂದಿದ್ದರು.

ಮರುದಿನ ಮನೆಗೆ ಬಂದವನು ರವಿ ಸರ್. ಹಿಂಗಣಾ ರಸ್ತೆಯಲ್ಲಿ ದೊಡ್ಡ ಕೋಚಿಂಗ್ ಕ್ಲಾಸು ನಡೆಸುತ್ತಿದ್ದ. ಅಲ್ಲಿ ಎಲ್ಲರಿಗೂ ತೆರೆದಿಟ್ಟಿದ್ದ ಒಂದು ಮಾದರಿ ಪರೀಕ್ಷೆಯನ್ನು ಶೀತಲ್ ಗೆಳತಿಯರ ಜೊತೆ ಹೋಗಿ ಬರೆದು ಬಂದಿದ್ದಳು. ಆ ಕ್ಲಾಸಿಗೂ ಅವಳಿಗೂ ಇದ್ದ ಸಂಬಂಧ ಅಷ್ಟೇ. ರವಿ ಸರ್ ಸಂತ್ರಾ ಬರ್ಫಿಯ ಡಬ್ಬಿ ಕೊಟ್ಟ, ಕೇದಾರನಾಥನಿಗೆ ಶಾಲು ಹೊದಿಸಿದ, ಸಿ.ಎ. ತರಬೇತಿಗೆ ಶೀತಲ್‌ಳ ಸೀಟು ಪಕ್ಕಾ ಎಂದ. ಹಿಂದೆ ನಿಂತಿದ್ದ ಹುಡುಗಿಯೊಬ್ಬಳು ಆಗಲೇ ಮೊಬೈಲ್ ಎತ್ತಿ ಹಿಡಿದಿದ್ದಳು.

“ಎರಡೇ ಮಾತು ಸಾಕು ಬೇಟಾ,” ಎಂದ ಹಿಂದಿಯಲ್ಲಿ. “ಈ ಯಶಸ್ಸು ರವಿ ಸರ್ ಅವರದು ಅನ್ನು. ಕಾಲೇಜಿನಲ್ಲಿ ಏನೂ ಹೇಳಿಕೊಡಲ್ಲ, ಎಲ್ಲಾ ಕಲಿತದ್ದು ಇಲ್ಲೇ, ಅನ್ನು.”

ಶೀತಲ್ ಅಪ್ಪನ ಕಡೆ ನೋಡಿದಳು. ಶಾಲು ಹೊದ್ದು ಅವನು ಮದುಮಗನ ಹಾಗೆ ನೆಟ್ಟಗೆ ನಿಂತಿದ್ದ. ಇಷ್ಟು ಸಂತೋಷದಲ್ಲಿ ಅವನನ್ನು ಅವಳು ಕಂಡೇ ಇರಲಿಲ್ಲ. ಮೊಬೈಲಿನಲ್ಲಿ ತನ್ನ ಮುಖವೂ ಚಂದ ಕಾಣುತ್ತಿತ್ತು. ಅವಳು ಹೇಳಿದಳು. ಎರಡನೆಯ ಮಾತನ್ನೂ ನಗುತ್ತಲೇ ಹೇಳಿದಳು.

ರವಿ ಸರ್ ಹೋದ ಮೇಲೆ ಅವ್ವ ಕಲ್ಲವ್ವ ಕೇಳಿದಳು: “ನೀ ಯಾವಾಗ ಹೋಗಿದ್ದಿ ಅವರ ಕ್ಲಾಸಿಗೆ?”

“ಜಾಹೀರಾತು ಅವ್ವ. ಎಲ್ಲಾರೂ ಹಂಗ ಮಾಡ್ತಾರ.”

“ಮತ್ತ ನಿನಗ ಕಲಿಸಿದ ಆ ಬಾಯಾರು?”

ಶೀತಲ್ ಬರ್ಫಿಯ ಡಬ್ಬಿ ಎತ್ತಿಕೊಂಡು ಒಳಗೆ ಹೋದಳು.

ವಾರದೊಳಗೆ ಚೌಕದಲ್ಲಿ ಅವಳ ಮುಖದ ಫ್ಲೆಕ್ಸ್ ಎದ್ದಿತು. ಗ್ರಾಹಕನಿಗೆ ನಿಜ ಮಾಹಿತಿ ಪಡೆಯುವ ಹಕ್ಕಿದೆ ಎಂದು ಪರೀಕ್ಷೆಯಲ್ಲಿ ಪುಟ ತುಂಬ ಬರೆದವಳು ಅದರ ಕೆಳಗೆ ತಲೆತಗ್ಗಿಸಿ ಬಸ್ಸು ಹಿಡಿಯುತ್ತಿದ್ದಳು. ಕೆಳಗಿನ ಮನೆಯ ಹುಡುಗಿ ಅಪೂರ್ವ, ವಿಜಯಾ ಮೇಡಂ ಅವರ ಬೆಳಗಿನ ಪಾಠ ಬಿಟ್ಟು ರವಿ ಸರ್ ಹತ್ತಿರ ಸೇರಿದಳು. “ನಿನ್ನ ವಿಡಿಯೊ ನೋಡೇ ಕಳಿಸೀವಿ,” ಎಂದು ಅವಳ ತಾಯಿ ಮೆಟ್ಟಿಲ ಮೇಲೆ ನಿಲ್ಲಿಸಿ ಹೇಳಿದಾಗ ಶೀತಲ್ ಹೂಂ ಅಂದಳು.

ಅಂಕಪಟ್ಟಿ ತರಲು ಕಾಲೇಜಿಗೆ ಹೋದ ದಿನ, ಎದುರಾಗಬಾರದು ಎಂದುಕೊಂಡಿದ್ದ ಮೇಡಂ ಕಾರಿಡಾರಿನಲ್ಲೇ ಎದುರಾದರು. ಬೈಯುತ್ತಾರೆಂದು ಅವಳು ಮೈ ಬಿಗಿಹಿಡಿದಳು. ಅವರು ಬೈಯಲಿಲ್ಲ. ಅಭಿನಂದನೆ ಹೇಳಿ, ಪಕ್ಕಕ್ಕೆ ಕರೆದು, ದನಿ ತಗ್ಗಿಸಿ ಮರಾಠಿಯಲ್ಲಿ ಕೇಳಿದರು:

“ವಿಡಿಯೊ ನೋಡಿದೆ. ನೀನು ಸಂಜೆ ಅಲ್ಲಿಗೂ ಹೋಗುತ್ತಿದ್ದೆ ಅಂತ ನನಗೆ ಗೊತ್ತೇ ಇರಲಿಲ್ಲ. ಸಿಟ್ಟಿಲ್ಲ ಬೇಟಾ. ಆದರೆ ಬರೋಬರ್ ಹೇಳು, ನಾನು ಯಾವ ಪಾಠದಲ್ಲಿ ಕಡಿಮೆ ಬಿದ್ದೆ? ಈ ವರ್ಷದ ಮಕ್ಕಳಿಗಾದರೂ ಸರಿಮಾಡಿಕೊಳ್ಳುತ್ತೇನೆ.”

ಮೇಡಂ ವಿಡಿಯೊವನ್ನು ನಂಬಿದ್ದರು. ನಾನು ಹೋಗೇ ಇಲ್ಲ ಎಂದು ಹೇಳಲು ಅದೇ ಗಳಿಗೆ. ಶೀತಲ್‌ಳ ನಾಲಿಗೆಯಿಂದ ಬಂದದ್ದು ಬೇರೆಯೇ ಮಾತು:

“ಮಾರ್ಕೆಟಿಂಗ್, ಮೇಡಂ.”

ಅವರು ತಲೆಯಾಡಿಸಿದರು. “ಹೌದು, ಅದನ್ನು ಕೊನೆಗೆ ಗಡಿಬಿಡಿಯಲ್ಲಿ ಮುಗಿಸುತ್ತೇನೆ. ಬರಂ ಝಾಲಂ, ಹೇಳಿದ್ದು ಒಳ್ಳೆಯದಾಯಿತು.”

ಗಡಿಬಿಡಿ ಏನೂ ಆಗಿರಲಿಲ್ಲ. ಆ ಪಾಠಕ್ಕಾಗಿ ಅವರು ಎರಡು ಭಾನುವಾರ ಬಂದಿದ್ದರು.

ಅವತ್ತಿನಿಂದ ಶೀತಲ್‌ಗೆ ಯಾರಾದರೂ ಶಭಾಷ್ ಎಂದರೆ ಮೈಯೆಲ್ಲ ಮುಳ್ಳಾಗುತ್ತಿತ್ತು. ರವಿ ಸರ್‌ಗೆ ಫೋನ್ ಮಾಡಿ ಫ್ಲೆಕ್ಸ್ ತೆಗೆಸಿ ಎಂದಳು. “ಅಡ್ಮಿಶನ್ ಮುಗಿಯಲಿ, ತೆಗೆಸೋಣ,” ಎಂದು ನಕ್ಕು ಇಟ್ಟುಬಿಟ್ಟ. ಕೊನೆಗೆ ಒಂದು ಬೆಳಗ್ಗೆ ಅವಳು ಕಾಲೇಜಿಗೆ ಹೋದಳು.

ಅದೇ ಖಾಲಿ ಕೋಣೆ. ಬೆಂಚಿನ ಮೇಲೆ ಬೆರಳೆಣಿಕೆಯ ಮಕ್ಕಳು. ಮೇಜಿನ ಮೇಲೆ ಸೋಪು, ಚಹಾಪುಡಿ, ಬಿಸ್ಕತ್ತಿನ ಖಾಲಿ ಪೊಟ್ಟಣಗಳು. ಗೋಡೆಗೆ ಹೊಸದಾಗಿ ಬಣ್ಣದಲ್ಲಿ ಬರೆದ ಚಾರ್ಟುಗಳು. ಮೇಡಂ ಮಾರ್ಕೆಟಿಂಗ್ ಕಲಿಸುತ್ತಿದ್ದರು. ಬಾಗಿಲಲ್ಲಿ ಅವಳನ್ನು ಕಂಡು ಮುಖ ಅರಳಿತು.

“ಬಾ, ಬಾ! ಮಕ್ಕಳೇ, ಇವಳೇ ಶೀತಲ್. ನನ್ನ ತಪ್ಪು ತೋರಿಸಿಕೊಟ್ಟವಳು ಇವಳೇ. ಅದಕ್ಕೇ ಈ ಸಲ ಪಾಠ ಹೊಸದಾಗಿ ಮಾಡುತ್ತಿದ್ದೇನೆ.”

ಮಕ್ಕಳು ತಿರುಗಿ ನೋಡಿದರು. ಶೀತಲ್ ಬಾಗಿಲ ಚೌಕಟ್ಟು ಹಿಡಿದುಕೊಂಡಳು.

“ನಿಮ್ಮ ತಪ್ಪು ಏನೂ ಇರಲಿಲ್ಲ ಮೇಡಂ. ನಾನು ಆ ಕ್ಲಾಸಿಗೆ ಹೋಗೇ ಇಲ್ಲ. ವಿಡಿಯೊ ಸುಳ್ಳು. ಮಾರ್ಕೆಟಿಂಗ್ ಅಂತ ಹೇಳಿದ್ದೂ ಸುಳ್ಳು.”

ಮೇಡಂ ಕೈಯಲ್ಲಿದ್ದ ಸೋಪಿನ ಪೊಟ್ಟಣವನ್ನು ನಿಧಾನವಾಗಿ ಮೇಜಿನ ಮೇಲಿಟ್ಟರು. ಮೊದಲು ಅವರ ಮುಖದಲ್ಲಿ ಬಂದದ್ದು ಸಿಟ್ಟಲ್ಲ, ಸಮಾಧಾನ. ಅದನ್ನು ನೋಡುವುದೇ ಶೀತಲ್‌ಗೆ ಕಷ್ಟವಾಯಿತು. ಆಮೇಲೆ ಆ ಸಮಾಧಾನ ಆರಿಹೋಯಿತು.

“ನಿಜವನ್ನು ನೀನು ನನಗೆ ಇಲ್ಲಿ, ಈ ನಾಲ್ಕು ಮಕ್ಕಳೆದುರು ಹೇಳಿದೆ,” ಎಂದರು. “ಆ ಸುಳ್ಳನ್ನು ಇಡೀ ಊರಿಗೆ ಹೇಳಿದ್ದೆ.” ಮತ್ತೆ ಹಲಗೆಯ ಕಡೆ ತಿರುಗಿದರು. ಒಳಗೆ ಬಾ ಎನ್ನಲಿಲ್ಲ, ಹೋಗು ಎನ್ನಲಿಲ್ಲ.

ಅದೇ ಮಧ್ಯಾಹ್ನ ಶೀತಲ್ ಟೆರೇಸಿನಲ್ಲಿ ನಿಂತು, ಅವ್ವನ ಕೈಗೆ ಫೋನ್ ಕೊಟ್ಟು, ಇನ್ನೊಂದು ವಿಡಿಯೊ ಮಾಡಿದಳು. ಚಂದ ಕಾಣಲಿಲ್ಲ; ಬಿಸಿಲಿಗೆ ಕಣ್ಣು ಕಿರಿದಾಗಿತ್ತು. ತನಗೆ ಕಲಿಸಿದವರು ಯಾರು ಎಂದು ಹೆಸರು ಹಿಡಿದು ಹೇಳಿದಳು. ಹಾಗೇ ಎಲ್ಲರಿಗೂ ಕಳಿಸಿದಳು.

ಸಂಜೆಯೊಳಗೆ ರವಿ ಸರ್ ಕೇದಾರನಾಥನಿಗೆ ಫೋನ್ ಮಾಡಿ ಕೂಗಾಡಿದ. ಅಪ್ಪ ಎಲ್ಲ ಕೇಳಿಸಿಕೊಂಡು ಫೋನ್ ಕೆಳಗಿಟ್ಟ.

“ಸಾಹೇಬರಿಗೆ ತೋರಿಸೀನಿ ಆ ಮೊದಲಿನ ವಿಡಿಯೊ. ಕ್ಯಾಂಟೀನಿನ್ಯಾಗ ಎಲ್ಲಾರಿಗೂ ತೋರಿಸೀನಿ,” ಎಂದ. “ನಾಳಿ ಹ್ಯಾಂಗ ಮುಖಾ ತೋರಸ್ಲಿ?”

“ಇದನ್ನೂ ತೋರಸ್ರಿ,” ಎಂದಳು ಕಲ್ಲವ್ವ ಒಳಗಿನಿಂದ.

ಅವನು ಎದ್ದು ಚಪ್ಪಲಿ ಮೆಟ್ಟಿದ. “ಆ ಬಾಯಾರ ಮನಿ ಎಲ್ಲೈತಿ? ನಡಿ.”

“ನೀ ಯಾಕಪ್ಪಾ? ಹೇಳಿದಾಕಿ ನಾನು.”

“ಬಾಜೂಕ ನಿಂತಾವ ನಾ ಅಲ್ಲೇನು? ನನಗ ಗೊತ್ತಿರಲಿಲ್ಲೇನು ನೀ ಅಲ್ಲಿ ಹೋಗಿಲ್ಲಂತ?”

ಮೇಡಂ ಮನೆಯ ಬಾಗಿಲು ತೆರೆದು, ಬನ್ನಿ ಎಂದು ಒಳಗೆ ಕೂರಿಸಿದರು. ವಿಡಿಯೊ ನೋಡಿದ್ದಾರೋ ಇಲ್ಲವೋ ತಿಳಿಯಲಿಲ್ಲ. ಕೇದಾರನಾಥ ಕೈಮುಗಿದ, ಮರಾಠಿಯಲ್ಲಿ ಶುರುಮಾಡಿದ ವಾಕ್ಯ ಅರ್ಧಕ್ಕೇ ನಿಂತಿತು. ಅವರು ಅದನ್ನು ಪೂರ್ತಿ ಮಾಡಿಸಲಿಲ್ಲ. ಫ್ಯಾಕ್ಟರಿ ಎಷ್ಟು ದೂರ, ಈ ಸಲದ ಬಿಸಿಲು ಹೇಗಿದೆ ಎಂದು ಅವನನ್ನೇ ಮಾತಾಡಿಸಿದರು. ಶೀತಲ್‌ಳ ಮುಂದೆ ನೀರಿನ ಲೋಟ ಇಟ್ಟು, “ಪಾಣಿ ಘೇ,” ಎಂದರು. ಅವಳಿಗೆ ಅಂದದ್ದು ಅಷ್ಟೇ.

ಶೀತಲ್ ಎರಡೂ ಕೈಯಲ್ಲಿ ಲೋಟ ಹಿಡಿದು ಕುಡಿದಳು. ನೀರು ಖಾಲಿಯಾದ ಮೇಲೂ ಲೋಟವನ್ನು ಮುಖದಿಂದ ಇಳಿಸಲು ಅವಳಿಗೆ ಧೈರ್ಯ ಬರಲಿಲ್ಲ.