ನಾಲ್ಕನೇ ಮಹಡಿಯ ನೀರು

"ಏಯ್, ಲಿಫ್ಟ್ ಮುಟ್ಬೇಡ! ಗೋಡೆ ಮೇಲೆ ಅಷ್ಟು ದೊಡ್ಡದಾಗಿ ಬರ್ದಿರೋದು ಕಣ್ಣಿಗೆ ಬೀಳಲ್ವಾ ನಿಂಗೆ?"

ಮೇಸ್ತ್ರಿ ಕೂಗಿದ್ದು ನನ್ನ ಅತ್ತೆಗೆ. ಅತ್ತೆ ಸೊಂಟದ ಕೊಡ ಇಳಿಸದೆಯೇ ಕತ್ತು ಕೊಂಕಿಸಿ ಗೋಡೆ ನೋಡಿದಳು. 'ಮೆಟ್ಟಿಲು ಹತ್ತೋಣ, ಭೂಮಿ ಉಳಿಸೋಣ' ಎಂದು ಬರೆದು, ನಗುನಗುತ್ತ ಮೆಟ್ಟಿಲೇರುವ ಹುಡುಗನೊಬ್ಬನ ಚಿತ್ರ ಅಂಟಿಸಿದ್ದರು.

"ಓದೋಕೆ ಬರಲ್ಲ ಸ್ವಾಮಿ. ಚಿತ್ರ ಕಾಣುತ್ತೆ. ಅವನ ಸೊಂಟದ ಮೇಲೆ ಕೊಡ ಇಲ್ವಲ್ಲ?"

"ಬಾಯಿ ಜಾಸ್ತಿ ಆಯ್ತು ನಿಂದು. ನಡಿ ನಡಿ. ನಿನ್ ಸೊಸೇನೂ ಎಳ್ಕೊಂಡು ಹೋಗು, ಎಮ್ಮೆ ಥರ ನಿಂತಿದಾಳೆ."

ಎಮ್ಮೆಯ ಹಾಗೆ ನಿಂತಿದ್ದಕ್ಕೆ ಕಾರಣವಿತ್ತು. ನನಗೆ ಆರು ತಿಂಗಳು. ಯೂನಿವರ್ಸಿಟಿಯ ಖಾಕಿ ಕೋಟಿನ ಗುಂಡಿಯನ್ನು ಉಸಿರು ಬಿಗಿಹಿಡಿದು ಹಾಕಿಕೊಂಡರೆ ಹೊಟ್ಟೆ ಕಾಣುವುದಿಲ್ಲ. ಕಂಡರೆ ಕೆಲಸ ಹೋಯಿತೆಂದೇ ತಿಳಿಯಬೇಕು. ನನ್ನ ಜೊತೆ ಗುಡಿಸುತ್ತಿದ್ದ ಅಕ್ಕನೊಬ್ಬಳಿಗೆ ಇದೇ ಮೇಸ್ತ್ರಿ, "ಹೆತ್ತು ಬಾ, ಆಮೇಲೆ ನೋಡೋಣ" ಅಂದಿದ್ದ. ಅವಳು ಹೆತ್ತು ಬಂದಳು. ಅವಳ ಪೊರಕೆ ಆಗಲೇ ಇನ್ನೊಬ್ಬಳ ಕೈಯಲ್ಲಿತ್ತು.

ಮೊದಲು ಇಷ್ಟು ಕಷ್ಟವಿರಲಿಲ್ಲ. ಮೀಟಿಂಗ್ ಇದ್ದರೆ ನೀರಿನ ಬಾಟಲಿಗಳ ಪೆಟ್ಟಿಗೆಗಳನ್ನು ಲಿಫ್ಟಿಗೆ ತಳ್ಳಿ ಬಟನ್ ಒತ್ತಿದರಾಯಿತು. ಆಮೇಲೆ ನಾಲ್ಕನೇ ಮಹಡಿಯಲ್ಲಿ ಪರಿಸರ ಕೇಂದ್ರ ತೆರೆಯಿತು. ಅದರ ನಿರ್ದೇಶಕರಿಗೆ ಅತ್ತೆ ಇಟ್ಟ ಹೆಸರು ಹಸಿರು ಸಾಹೇಬರು. ಒಳ್ಳೆಯ ಮನುಷ್ಯರೇ, ಎದುರು ಸಿಕ್ಕರೆ ನಮಗೂ ನಮಸ್ಕಾರ ಹೇಳುತ್ತಾರೆ. ಅವರು ಪ್ಲಾಸ್ಟಿಕ್ ನಿಲ್ಲಿಸಿದರು, ಸ್ಟೀಲ್ ಕೊಡಗಳು ಬಂದವು. ಕರೆಂಟು ಉಳಿಸಲು ಲಿಫ್ಟಿಗೆ ಬೀಗ ಹಾಕಿಸಿದರು. ಬೀಗದ ಕೈ ಮಾತ್ರ ಅವರ ಜೇಬಿನಲ್ಲೇ ಉಳಿಯಿತು. ಅವರಿಗೆ ಮೊಣಕಾಲು ನೋವು, ಡಾಕ್ಟರ ಚೀಟಿ ಇದೆ.

"ಭೂಮಿ ಭಾರ ಇಳೀತಂತೆ ಕಣೇ," ಅಂದಳು ಅತ್ತೆ. "ಇಳಿದು ಎಲ್ಲಿ ಕೂತ್ಕೊಂಡಿದೆ ಅಂತ ನನ್ನ ಸೊಂಟ ಕೇಳು."

ಮೇಸ್ತ್ರಿ ಅತ್ತ ಹೋಗುತ್ತಲೂ ಅವಳು ತನ್ನ ಕೊಡ ಇಳಿಸಿ, ನನ್ನದನ್ನೂ ಇಳಿಸಿಕೊಂಡು ಲಿಫ್ಟಿನ ಪಕ್ಕ ಒರಗಿ ನಿಂತಳು.

"ಅತ್ತೆ, ಮೀಟಿಂಗ್ ಶುರುವಾಗಿಬಿಡುತ್ತೆ."

"ಮೀಟಿಂಗ್ ಮಾಡೋರೇ ಇನ್ನೂ ಕೆಳಗಿದಾರೆ. ಸುಮ್ನಿರು."

ಹಸಿರು ಸಾಹೇಬರು ಇಬ್ಬರು ಅತಿಥಿಗಳನ್ನು ಕರೆದುಕೊಂಡು ಬಂದರು. "ಈ ಕಟ್ಟಡದಲ್ಲಿ ಯಾರೂ ಲಿಫ್ಟ್ ಬಳಸೋದಿಲ್ಲ," ಎನ್ನುತ್ತಲೇ ಬೀಗ ತಿರುಗಿಸಿದರು. ಬಾಗಿಲು ತೆರೆದದ್ದೇ ತಡ, ಅತ್ತೆ ನನ್ನನ್ನೂ ಕೊಡಗಳನ್ನೂ ಒಳಗೆ ತಳ್ಳಿ ತಾನೂ ನುಗ್ಗಿದಳು. ಗಲಿಬಿಲಿಯಲ್ಲಿ ಅವರು ಮೂವರೂ ಹಿಂದೆಯೇ ಹತ್ತಿದರು. ಭಾರ ಹೆಚ್ಚಾಗಿ ಲಿಫ್ಟು ಕೀಂ ಕೀಂ ಎಂದು ಅರಚತೊಡಗಿತು.

"ಇಳಿದುಬಿಡಿ ಅಮ್ಮಾ," ಸಾಹೇಬರು ಮೆತ್ತಗೆ ಹೇಳಿದರು. "ನೀರು ತುಳುಕಿ ಇವರ ಬಟ್ಟೆಗೆಲ್ಲ ಆಗುತ್ತೆ. ನಿಮಗೆ ಹೇಗೂ ಮೆಟ್ಟಿಲು ಅಭ್ಯಾಸ."

"ನಾನು ಇಳೀತೀನಿ ಸಾರ್. ಇವಳು ಇಳಿಯಲ್ಲ."

ಅತ್ತೆ ಇಳಿದಳು. ಲಿಫ್ಟು ಅರಚುತ್ತಲೇ ಇತ್ತು. ಸದ್ದಿಗೆ ಮೇಸ್ತ್ರಿ ಓಡಿ ಬಂದ.

"ಇಳಿಯೇ ಮೂದೇವಿ! ಏನು ಬಂದಿದೆ ನಿಂಗೆ ರೋಗ?"

ಅತ್ತೆ ನನ್ನನ್ನೇ ನೋಡಿದಳು. ಅವಳೇ ಹೇಳಬಹುದಿತ್ತು. ಹೇಳಲಿಲ್ಲ.

ನಾನು ಕೋಟಿನ ಗುಂಡಿ ಬಿಚ್ಚಿದೆ. ಬೆಳಗಿನಿಂದ ಹಿಡಿದಿಟ್ಟ ಉಸಿರು ಹೊರಗೆ ಬಂತು.

"ಆರು ತಿಂಗಳು ಸಾರ್. ನಾನು ಇಳಿಯಲ್ಲ."

ಅತಿಥಿಗಳು ಸಾಹೇಬರನ್ನು ನೋಡಿದರು. ಸಾಹೇಬರು ತಮ್ಮ ಮೊಣಕಾಲನ್ನು ನೋಡಿಕೊಂಡರು.

"ಒಂದೇ ಒಂದ್ಸಲ ಮೆಟ್ಟಿಲು ಹತ್ತಿ ಸಾರ್," ಹೊರಗಿನಿಂದ ಅತ್ತೆ ಹುರಿದುಂಬಿಸಿದಳು. "ಚಿತ್ರದಲ್ಲಿರೋ ಹುಡುಗನ್ನ ನೋಡಿ, ಹೇಗೆ ನಗ್ತಿದಾನೆ!"

ಸಾಹೇಬರು ಒಂದು ಕಾಲು ಹೊರಗಿಟ್ಟರು. ಅರಚಾಟ ನಿಂತಿತು. ಕಾಲು ಒಳಗೆಳೆದುಕೊಂಡರು. ಮತ್ತೆ ಶುರುವಾಯಿತು.

ನಾನು ಕೋಟನ್ನು ಪೂರ್ತಿ ಕಳಚಿ, ನೀರು ತುಳುಕದಿರಲೆಂದು, ಕೊಡಗಳ ಬಾಯಿಗೆ ಮುಚ್ಚಿದೆ.