ಪಾಠ ನಿಲ್ಲಿಸಿದ ಜಾಗ

ಗ್ರಂಥಾಲಯದ ಮಹಡಿಯಲ್ಲಿ ಭಾನುವಾರ ಸೇರುತ್ತಿದ್ದ ಓದುಗರ ಕೂಟ ಅವಳಿಗೆ ಅರ್ಥದಮ್ಮ ಎಂದು ಹೆಸರಿಟ್ಟಿತ್ತು. ಕಾಲೇಜಿನ ಕೆಲಸದಿಂದ ನಿವೃತ್ತಳಾದ ಮೇಲೆ ಹಟ ಹಿಡಿದು ಪಾಲಿ ಕಲಿತವಳು. ಬೌದ್ಧರ ಹಳೆಯ ಗ್ರಂಥವೊಂದನ್ನು ಕನ್ನಡಕ್ಕೆ ತಂದು, ವಾರಕ್ಕೊಂದು ತುಣುಕು ಓದಿ, ಅರ್ಥ ಹೇಳುತ್ತಿದ್ದಳು. ಅವಳದೊಂದು ನೇಮವಿತ್ತು, ನೇಮ ಎನ್ನುವುದಕ್ಕಿಂತ ಜಂಬ ಎಂದರೇ ಸರಿ. ಮುಂದಿನ ಪುಟವನ್ನು ಅವಳು ಎಂದೂ ಓದುತ್ತಿರಲಿಲ್ಲ. ಆ ವಾರಕ್ಕೆ ಬೇಕಾದಷ್ಟನ್ನು ಅನುವಾದಿಸಿ ಪುಸ್ತಕ ಮುಚ್ಚಿಬಿಡುವುದು. "ಮುಂದೇನು ಅಂತ ಕೇಳೋರಿಗೆ ಗೊತ್ತಿಲ್ಲ, ನನಗೂ ಗೊತ್ತಿರಬಾರದು. ಆಗಲೇ ಮಾತು ಬಿಸಿಬಿಸಿಯಾಗಿ ಬರೋದು," ಎನ್ನುತ್ತಿದ್ದಳು. ಕೂಟದವರು ತಲೆದೂಗುತ್ತಿದ್ದರು. ಪಾಲಿ ಬಾರದವರು ತಲೆದೂಗದೆ ಇನ್ನೇನು ಮಾಡಿಯಾರು!

ಅನುವಾದವನ್ನು ಅವಳು ಕೈಯಲ್ಲಿ ಬರೆಯುತ್ತಿರಲಿಲ್ಲ, ಬಾಯಲ್ಲಿ ಹೇಳುತ್ತಿದ್ದಳು. ಮನೆಯ ಮುಂದಿನ ಕೋಣೆಯಲ್ಲಿ ಪುಸ್ತಕ ಹಿಡಿದು ಕೂತರೆ, ಗೋಡೆಯಾಚೆಯ ಕೋಣೆಯಲ್ಲಿ ಅವಳ ಅಣ್ಣ ಕಂಪ್ಯೂಟರಿನಲ್ಲಿ ಟೈಪ್ ಮಾಡುತ್ತಿದ್ದ. ಅವನು ಕೋರ್ಟಿನಲ್ಲಿ ಟೈಪಿಸ್ಟ್ ಆಗಿದ್ದವನು. ಸಾಕ್ಷಿ ಬಾಯಿ ಮುಚ್ಚುವ ಮೊದಲೇ ಅವನ ಬೆರಳು ಮಾತನ್ನು ಬಡಿದು ಮುಗಿಸಿರುತ್ತಿತ್ತಂತೆ. ಹೋದ ವರ್ಷ ಕರುಳಿನಲ್ಲಿ ಗಡ್ಡೆ ಬಂದು, ಶಸ್ತ್ರಚಿಕಿತ್ಸೆಯಾಗಿ, ಹೊಟ್ಟೆಯ ಬದಿಗೆ ಒಂದು ಚೀಲ ಅಂಟಿಸಿ ಮನೆಗೆ ಕಳಿಸಿದ್ದರು. ಇನ್ನು ಮಲ ಬರುವುದು ಅದರೊಳಕ್ಕೇ. ಅಂದಿನಿಂದ ಅಣ್ಣ ಹೊಸ್ತಿಲು ದಾಟಿರಲಿಲ್ಲ. ಚೀಲ ಬದಲಾಯಿಸುವಾಗ ಚಿಲಕ ಹಾಕಿಕೊಳ್ಳುತ್ತಿದ್ದ. ತಂಗಿ ಸಹಾಯಕ್ಕೆ ಬರಲೇ ಎಂದು ಒಮ್ಮೆ ಕೇಳಿ ಬೈಸಿಕೊಂಡಿದ್ದಳು.

ಕೊನೆಯ ಪಾಠ ದೇಹದ ಬಗ್ಗೆ ಇತ್ತು. ಗುರು ತನ್ನ ಭಿಕ್ಷುಗಳಿಗೆ ಈ ಮೈಯೆಂಬುದು ಎಷ್ಟು ಅಸಹ್ಯ ಎಂದು ಬಗೆಬಗೆಯಾಗಿ ಹೇಳುತ್ತಾನೆ. ಹೇಳಿ ಮುಗಿಸಿ, ತಾನು ಅರ್ಧ ತಿಂಗಳು ಒಬ್ಬನೇ ಇರುತ್ತೇನೆ, ಊಟ ತರುವವನ ಹೊರತು ಯಾರೂ ಬರಬೇಡಿ ಎಂದು ಹೊರಟುಹೋಗುತ್ತಾನೆ. ಅರ್ಥದಮ್ಮ ಅಲ್ಲಿಗೆ ಪುಸ್ತಕ ಮುಚ್ಚಿದಳು. ಸುಣ್ಣಬಣ್ಣದ ಕೆಲಸವಿದೆಯೆಂದು ಗ್ರಂಥಾಲಯದವರೂ ಎರಡು ಭಾನುವಾರ ಮಹಡಿ ಕೊಡುವುದಿಲ್ಲ ಎಂದಿದ್ದರು. "ಗುರುವಿಗೂ ರಜೆ, ನಮಗೂ ರಜೆ!" ಎಂದಳು. ಎಲ್ಲರೂ ನಕ್ಕರು.

ಎರಡನೆಯ ರಜೆಯ ವಾರ, ಒಂದು ಮಧ್ಯಾಹ್ನ, ಮುಂದಿನ ಭಾಗಕ್ಕೆಂದು ಅವಳು ಪುಸ್ತಕ ತೆರೆದಳು. ಗುರು ಏಕಾಂತ ಮುಗಿಸಿ ಬರುತ್ತಾನೆ. ಭಿಕ್ಷುಗಳ ಸಂಘವೇಕೆ ಇಷ್ಟು ತೆಳ್ಳಗಾಗಿದೆ ಎಂದು ಪಕ್ಕದ ಶಿಷ್ಯನನ್ನು ಕೇಳುತ್ತಾನೆ. ತಾವು ದೇಹದ ಬಗ್ಗೆ ಹೇಳಿ ಹೋದಿರಲ್ಲ, ಕೇಳಿದವರಿಗೆ ತಮ್ಮ ಮೈಯೆಂದರೆ ಹೇಸಿಗೆಯಾಯಿತು, ಎಷ್ಟೋ ಜನ ತಾವೇ ತಮ್ಮ ಪ್ರಾಣ ಕಳೆದುಕೊಂಡರು ಎನ್ನುತ್ತಾನೆ ಶಿಷ್ಯ.

ಅರ್ಥದಮ್ಮ ಆ ಸಾಲನ್ನು ಇನ್ನೊಮ್ಮೆ ಓದಿದಳು. ಅರ್ಥ ಬೇರೆಯಾಗಬಾರದೇ ಎಂದು ನಿಘಂಟು ತೆಗೆದಳು. ಬೇರೆಯಾಗಲಿಲ್ಲ.

ಆಗ ನೆನಪಾದವರು ಕನ್ನಡಕದ ಅಂಗಡಿಯವರು. ಹೆಂಡತಿ ತೀರಿಕೊಂಡ ಮೇಲೆ ಅಂಗಡಿಯ ಮೇಲಿನ ಮನೆಯಲ್ಲಿ ಒಬ್ಬರೇ ಇರುವವರು, ಕೂಟಕ್ಕೆ ಒಂದು ವಾರವೂ ತಪ್ಪಿಸಿದವರಲ್ಲ. ಕೊನೆಯ ಪಾಠದ ಭಾನುವಾರ ಮೆಟ್ಟಿಲಿಳಿಯುವಾಗ ಮೆಲ್ಲಗೆ ಕೇಳಿದ್ದರು: "ಅಮ್ಮಾ, ಮೈ ಇಷ್ಟು ಹೊಲಸು ಅಂದ್ಮೇಲೆ, ಅದನ್ನ ಬಿಟ್ಟು ಹೋಗೋರನ್ನ ತಪ್ಪು ಅನ್ನೋಕಾಗುತ್ತಾ?" ಪ್ರಶ್ನೆ ಅವಳಿಗೆ ಬಲು ಹಿಡಿಸಿತ್ತು. "ಭಲೇ! ಒಳ್ಳೇ ಪ್ರಶ್ನೆ. ಮುಂದಿನ ಪಾಠದಲ್ಲಿ ನೋಡೋಣ," ಎಂದು ಬೆನ್ನು ತಟ್ಟಿ ಕಳಿಸಿದ್ದಳು.

ಫೋನ್ ಹಚ್ಚಿದಳು. ಸ್ವಿಚ್ ಆಫ್. ಮತ್ತೆ ಹಚ್ಚಿದಳು. "ಅಣ್ಣಾ, ಈಗ ಬಂದೆ!" ಎಂದು ಗೋಡೆಗೆ ಕೂಗಿ ಚಪ್ಪಲಿ ಮೆಟ್ಟಿದಳು. ಗೋಡೆಯಾಚೆಯಿಂದ ಉತ್ತರ ಬರಲಿಲ್ಲ. ಮಲಗಿರಬೇಕು ಎಂದುಕೊಂಡಳು.

ಕನ್ನಡಕದ ಅಂಗಡಿಯ ಷಟರ್ ಎಳೆದಿತ್ತು. ಪಕ್ಕದಲ್ಲಿ ಬೀಗದ ಕೈ ಮಾಡುವವನು ಅರ ಉಜ್ಜುತ್ತ, ತಲೆಯೆತ್ತದೆ, "ಸೋಮವಾರದಿಂದ ತೆಗ್ದೇ ಇಲ್ಲಮ್ಮ," ಎಂದ. ಅವಳು ಪಕ್ಕದ ಕಡಿದಾದ ಮೆಟ್ಟಿಲು ಹತ್ತಿ ಬಾಗಿಲು ಬಡಿದಳು. ಒಳಗೆ ಸದ್ದಿಲ್ಲ. ತಾನು ಎಂಥ ಘಾತುಕಿ, ನಾಲ್ಕು ಪದ ಚೆನ್ನಾಗಿ ಜೋಡಿಸಲು ಹೋಗಿ ಒಬ್ಬ ಮನುಷ್ಯನ ಪ್ರಾಣ ತೆಗೆದೆನಲ್ಲ ಎಂದು ಅಳು ಒತ್ತರಿಸಿ ಬಂತು. ಎರಡೂ ಕೈಯಲ್ಲಿ ಬಡಿದಳು.

ಬಾಗಿಲು ತೆರೆಯಿತು. ಕನ್ನಡಕದವರು ಒಂದು ಕಣ್ಣಿಗೆ ದೊಡ್ಡ ಪಟ್ಟಿ ಕಟ್ಟಿಕೊಂಡು, ಗೋಡೆ ತಡವುತ್ತ ನಿಂತಿದ್ದರು.

"ಯಾರು? ಅರ್ಥದಮ್ಮನಾ? ಬನ್ನಿ ಬನ್ನಿ! ಪೊರೆ ತೆಗೆಸ್ಕೊಂಡೆ. ಊರಿಗೆಲ್ಲಾ ಕಣ್ಣು ಕೊಡೋನ ಗತಿ ನೋಡಿ! ಫೋನ್ ನೋಡ್ಬೇಡಿ ಅಂದಿದಾರೆ ಡಾಕ್ಟ್ರು."

ಅರ್ಥದಮ್ಮ ಮೆಟ್ಟಿಲ ಮೇಲೆಯೇ ಕುಸಿದು ಕೂತಳು. ಅಳುತ್ತಲೇ ನಕ್ಕಳು. ಅವರು ತಂದ ನೀರು ಕುಡಿದು, ತಾನು ಬಂದ ಕಾರಣ ಹೇಳಿದಳು.

ಕನ್ನಡಕದವರ ಮುಖದ ನಗು ಇಳಿಯಿತು. "ಅಮ್ಮಾ, ಅದು ನನ್ನ ಪ್ರಶ್ನೆ ಅಲ್ಲ."

"ಮತ್ತೆ?"

"ನಿಮ್ಮಣ್ಣಂದು. ಕೂಟದ ಹಿಂದಿನ ದಿನ ಅವರ ಕನ್ನಡಕ ರಿಪೇರಿ ಮಾಡಿ ಮನೆಗೆ ಕೊಡೋಕೆ ಬಂದಿದ್ನಲ್ಲ, ಆವಾಗ ಹೇಳಿದ್ರು. ನಾನು ಕೇಳಿದ್ರೆ ತಂಗಿ ಹೆದರ್ಕೋತಾಳೆ, ನೀವೇ ಕೇಳಿದ ಹಾಗೆ ಕೇಳಿ ಅಂದ್ರು. ಆಮೇಲೆ ಫೋನ್ ಮಾಡಿ, ಏನಂದ್ಲು ಅಂತಾನೂ ವಿಚಾರಿಸಿದ್ರು."

"ನೀವೇನಂದ್ರಿ?"

"ಭಲೇ ಅಂದ್ರು, ಮುಂದೆ ನೋಡೋಣ ಅಂದ್ರು ಅಂದೆ."

ಅವಳು ಹೇಗೆ ಮೆಟ್ಟಿಲಿಳಿದಳೋ, ಹೇಗೆ ಬಸ್ಸು ಹತ್ತಿದಳೋ ಅವಳಿಗೇ ತಿಳಿಯದು. ಸೀಟು ಖಾಲಿ ಇದ್ದರೂ ಕಂಬಿ ಹಿಡಿದು ನಿಂತಿದ್ದಳು. ಒಂದೊಂದೇ ನೆನಪಾಗತೊಡಗಿತು. ಆ ಪಾಠ ಬರೆಸಿದ ದಿನ ದೇಹದೊಳಗಿನ ಕಫ, ಕೀವು, ಪಿತ್ತ ಎಲ್ಲವನ್ನೂ ಅವಳು ರಾಗವಾಗಿ ಹೇಳುತ್ತ ಹೋಗಿದ್ದಳು. ಗೋಡೆಯಾಚೆ ಕಂಪ್ಯೂಟರಿನ ಕೀಲಿಗಳು ಟಕಟಕ ಬಡಿಯುತ್ತಿದ್ದವು. ಒಂದು ಕಡೆ ತಡೆದು, "ಅಣ್ಣಾ, ಇಲ್ಲಿ ಮಲಿನ ಅನ್ಲಾ, ಹೊಲಸು ಅನ್ಲಾ?" ಎಂದು ಕೇಳಿದ್ದಳು. ಕೀಲಿಗಳು ಸುಮ್ಮನಾಗಿದ್ದವು. ತುಸು ಹೊತ್ತಿನ ಮೇಲೆ ಅಣ್ಣ, "ಹೊಲಸು. ಅದೇ ಸರಿ," ಎಂದಿದ್ದ. ಇವಳು ಮುಂದಿನ ಸಾಲಿಗೆ ಹೋಗಿದ್ದಳು!

ಈ ದಿನ ಬೆಳಿಗ್ಗೆ ಕಾಫಿ ಲೋಟ ಹೊರಗಿಡುತ್ತ ಅಣ್ಣ ಹೇಳಿದ್ದ: "ಪುಟ್ಟಿ, ಟೈಪ್ ಮಾಡಿದ್ದೆಲ್ಲ ಒಂದೇ ಕಡೆ ಹಾಕಿದೀನಿ. ಇನ್ಮೇಲೆ ನಿನಗೆ ಹುಡುಕೋ ಕಷ್ಟ ಇಲ್ಲ." ಎಷ್ಟು ಅಚ್ಚುಕಟ್ಟು ನನ್ನಣ್ಣ ಎಂದು ಹೊಗಳಿದ್ದಳು.

"ಸ್ವಲ್ಪ ಬೇಗ ಓಡ್ಸಪ್ಪಾ!" ಎಂದು ಬಸ್ಸಿನಲ್ಲಿ ಕಿರುಚಿದಳು. ಡ್ರೈವರ್ ಕನ್ನಡಿಯಲ್ಲಿ ಅವಳ ಮುಖ ನೋಡಿ ವೇಗ ಹೆಚ್ಚಿಸಿದ.

ಮನೆ ನಿಶ್ಶಬ್ದವಾಗಿತ್ತು. ಅಣ್ಣನ ಕೋಣೆಗೆ ಒಳಗಿನಿಂದ ಚಿಲಕ.

"ಅಣ್ಣಾ!" ಬಾಗಿಲು ಬಡಿದಳು.

"ಅಣ್ಣಾ, ಬಾಗಿಲು ತೆಗಿ! ಅಣ್ಣಾ!" ಭುಜ ಕೊಟ್ಟು ದೂಡಿದಳು. ಹಳೆಯ ಕಾಲದ ಬಾಗಿಲು, ಮಿಸುಕಲಿಲ್ಲ. ಹಣೆಯನ್ನು ಮರಕ್ಕೆ ಒತ್ತಿ ಮೈಯೆಲ್ಲ ಕಿವಿಯಾಗಿ ನಿಂತಳು.

"ಹೋಗು ಪುಟ್ಟಿ," ಎಂದಿತು ಒಳಗಿನ ದನಿ.

ಬದುಕಿದ್ದಾನೆ! ಆದರೆ ಆ ದನಿ ಅವಳ ಭಯವನ್ನು ಕಡಿಮೆ ಮಾಡಲಿಲ್ಲ. ಎಲ್ಲ ಮುಗಿಸಿಟ್ಟವನ ದನಿ ಅದು. ಏನು ಹೇಳಬೇಕು? ಊರಿಗೆಲ್ಲ ಅರ್ಥ ಹೇಳುವವಳ ಬಾಯಲ್ಲಿ ತನ್ನದೆಂಬ ಒಂದು ಮಾತಿರಲಿಲ್ಲ. ಓಡಿಹೋಗಿ ಮೇಜಿನ ಮೇಲೆ ತೆರೆದೇ ಬಿಟ್ಟಿದ್ದ ಪುಸ್ತಕ ತಂದಳು. ಬಾಗಿಲಿಗೆ ಬೆನ್ನು ಕೊಟ್ಟು ನೆಲದ ಮೇಲೆ ಕೂತಳು.

"ಅಣ್ಣಾ, ಪಾಠ ಮುಗ್ದಿಲ್ಲ. ಹೊಸ ಪ್ಯಾರಾ, ಹಾಕ್ಕೋ." ಪುಟವನ್ನು ಬೆಳಕಿಗೆ ಹಿಡಿದಳು. "ಆ ಪಾಠದಿಂದ ಭಿಕ್ಷುಗಳು ಪ್ರಾಣ ಕಳ್ಕೊಂಡಿದ್ದು ಕೇಳಿ ಗುರು... ಉಳಿದೋರನ್ನೆಲ್ಲ ಒಂದು ಕಡೆ ಸೇರಿಸಿದ. ಸೇರಿಸಿ, ಬೇರೆ ದಾರಿ ಹೇಳಿಕೊಟ್ಟ." ಕಣ್ಣೀರಿನಲ್ಲಿ ಅಕ್ಷರ ಕಲಸಿಹೋಗುತ್ತಿತ್ತು. ಮುಂದೇನಿದೆಯೋ ಅವಳಿಗೂ ಗೊತ್ತಿಲ್ಲ. ಆ ಅಜ್ಞಾನದ ಮೇಲೆ ಎಷ್ಟು ಜಂಬ ಪಟ್ಟಿದ್ದಳು! "ಉಸಿರು. ಬರೀ ಉಸಿರು ಅಂತಿದಾನೆ ಅಣ್ಣಾ. ಉಸಿರು ಉದ್ದಕ್ಕೆ ಬಂದ್ರೆ, ಉದ್ದಕ್ಕೆ ಬಂತು ಅಂತ ತಿಳ್ಕೋಬೇಕು. ಗಿಡ್ಡಕ್ಕೆ ಬಂದ್ರೆ..."

ಮುಂದೆ ಹೇಳಲಾಗಲಿಲ್ಲ. ಬಿಕ್ಕಿ ಅತ್ತಳು.

"ಗಿಡ್ಡಕ್ಕೆ ಬಂದ್ರೆ?" ಎಂದ ಅಣ್ಣ.

ಅವಳು ಹೇಳಿದಳು. ಒಂದು ಕೀಲಿ ಬಡಿಯಿತು. ಇನ್ನೊಂದು. ಆಮೇಲೆ ನಿಂತಿತು.

"ಹಿಂದಿನ ಪಾಠ ಸುಳ್ಳಾ ಹಾಗಾದ್ರೆ?" ಎಂದು ಕೇಳಿದ.

"ಸುಳ್ಳಲ್ಲ. ಆದ್ರೆ ಅಲ್ಲಿಗೆ ನಿಲ್ಲಿಸಿದ್ದು ಪುಸ್ತಕ ಅಲ್ಲ ಅಣ್ಣಾ, ನಾನು. ಮುಂದೆ ಏನಿದೆ ಅಂತ ನೋಡದೇನೇ ನಿನ್ನ ಕೈಲಿ ಅದನ್ನೆಲ್ಲ ಬರೆಸಿದೆ. ತಪ್ಪಾಯ್ತು."

ಅವಳು ಮುಂದಿನ ಸಾಲು ಹೇಳಿದಳು, ಅದರ ಮುಂದಿನದನ್ನೂ ಹೇಳಿದಳು. ಪ್ಯಾರಾ ಮುಗಿಯಿತು. ಅದು ಮುಗಿಯಿತೆಂದು ಹೇಳಲು ಹೆದರಿ ಪುಟ ತಿರುವಿದಳು. ನೇಮ ಹಾಳಾಗಿ ಹೋಗಲಿ, ಇಡೀ ಸಂಪುಟ ಇಲ್ಲೇ ಕೂತು ಓದಿಯೇನು ಎಂದುಕೊಂಡು, ಉಸಿರು ಬಿಡದೆ ಹೇಳುತ್ತಲೇ ಹೋದಳು. ತಪ್ಪೋ ಒಪ್ಪೋ, ಬಾಯಿಗೆ ಬಂದ ಕನ್ನಡ. ಕಿಟಕಿಯ ಬಿಸಿಲು ನೆಲ ಬಿಟ್ಟು ಗೋಡೆ ಹತ್ತಿತು.

ಒಳಗೆ ಕುರ್ಚಿ ಸರಿಯಿತು. ಅವಳ ನಾಲಿಗೆ ನಿಂತಿತು. ಹೆಜ್ಜೆಯ ಸದ್ದು ಬಾಗಿಲ ತನಕ ಬಂತು. ಚಿಲಕ ತೆಗೆದ ಸದ್ದಾಯಿತು.

ಅಣ್ಣ ಅಂಗಿಯನ್ನು ಹೊಟ್ಟೆಯ ಬದಿಗೆ ಒತ್ತಿ ಹಿಡಿದು ನಿಂತಿದ್ದ. ಅಂಗಿ ಒದ್ದೆಯಾಗಿತ್ತು, ಕೋಣೆ ನಾರುತ್ತಿತ್ತು. ಅವನು ತಂಗಿಯ ಮುಖ ನೋಡಲಿಲ್ಲ.

"ಚೀಲ ಸೋರ್ತಿದೆ," ಎಂದ. "ಸ್ವಲ್ಪ ಹಿಡ್ಕೋತೀಯಾ? ಒಬ್ಬನ ಕೈಲಿ ಆಗ್ತಿಲ್ಲ."

ಪುಸ್ತಕವನ್ನು ನೆಲದ ಮೇಲೆಯೇ ಬಿಟ್ಟು, ಅವಳು ಕೈ ತೊಳೆದುಕೊಂಡು ಬರಲು ಹೋದಳು.